ಹಿಂದಿರುಗುವವರಿಗೆ ಬಳಿದ ಹಳದಿ

ಬಣ್ಣದಕ್ಕ ಬಾಯಿ ಮುಚ್ಚಿಕೊಂಡು ಕೂತಿದ್ದನ್ನು ಕಂಡವರು ಆ ಕಾಡಿನಲ್ಲಿ ಯಾರೂ ಇರಲಿಲ್ಲ. ನಿದ್ದೆಯಲ್ಲೂ ಮಾತಾಡುತ್ತಾಳೆ ಎಂದು ಸ್ವತಃ ಗಂಡನೇ ಸಾಕ್ಷಿ ಹೇಳುತ್ತಿದ್ದ. ಮರದ ಜೊತೆ ಮಾತು, ಕುಂಚದ ಜೊತೆ ಮಾತು, ಮುಚ್ಚಳ ಬಿಚ್ಚಲು ಬಿಡದ ಬಣ್ಣದ ಡಬ್ಬಿಗಂತೂ ಬೈಗುಳದ ಸುರಿಮಳೆ. ಅಂಥವಳಿಗೆ ಐವತ್ತೇಳನೇ ವಯಸ್ಸಿನಲ್ಲಿ, ಒಂದು ಇಡೀ ಹಗಲು ತುಟಿ ಪಿಟಕ್ಕೆನ್ನಬಾರದು ಎಂದು ಮೇಲಿನ ಕಚೇರಿಯಿಂದ ಆದೇಶ ಬಂದರೆ ಏನು ಗತಿ, ನೀವೇ ಹೇಳಿ.

ಆ ಆದೇಶದ ಕತೆಗೆ ಹೋಗುವ ಮೊದಲು ಅವಳ ಕೆಲಸ ಎಂಥದ್ದೆಂದು ಹೇಳಬೇಕು. ಊರಿನ ಕೊನೆಯ ಅಂಗಡಿ ದಾಟಿ ಬಸ್ಸು ಮೂರು ಗಂಟೆ ಓಡಿದ ಮೇಲೆ ರಸ್ತೆ ಮುಗಿಯುತ್ತದೆ. ಅಲ್ಲಿ ಒಂದು ಅಡ್ಡಗಂಬದ ಗೇಟು, ಗೇಟಿನ ಪಕ್ಕ ಒಂದು ಕಿಟಕಿಯ ಕೋಣೆ. ಅದರಾಚೆ ಸರ್ಕಾರ ಜನರಿಗಾಗಿ ಕಾಪಾಡಿಟ್ಟ ಕಾಡು. ಯಾರು ಬೇಕಾದರೂ ಬರಬಹುದು, ನಡೆಯಬಹುದು, ಮರದ ಕೆಳಗೆ ಕೂತು ಬುತ್ತಿ ಬಿಚ್ಚಬಹುದು, ಸಂಜೆಯೊಳಗೆ ವಾಪಸು ಬರಬೇಕು. ಬರುವವರಲ್ಲಿ ನಾನಾ ತರಹ. ಹಕ್ಕಿಗಾಗಿ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡುವವರು, ವೈದ್ಯರು ನಡೆಯಿರಿ ಎಂದದ್ದಕ್ಕೆ ಮುಖ ಗಂಟು ಹಾಕಿಕೊಂಡು ನಡೆಯುವವರು, ಪ್ರತಿವರ್ಷ ಬಂದು ದಾರಿಯುದ್ದಕ್ಕೂ ಜಗಳವಾಡಿ ಕೊಳದ ದಡದಲ್ಲಿ ರಾಜಿಯಾಗಿ ಹಿಂದಿರುಗುವ ಅಕ್ಕತಂಗಿಯರು.

ಇವರೆಲ್ಲ ದಾರಿ ತಪ್ಪದಂತೆ ಮರಗಳ ಮೇಲೆ ಗುರುತು ಬಳಿಯುವುದೇ ಬಣ್ಣದಕ್ಕನ ಕೆಲಸ. ಗುರುತೆಂದರೆ ಅಂಗೈಯಗಲದ ಒಂದು ಹಳದಿ ಪಟ್ಟಿ. ಮೂವತ್ತು ಹೆಜ್ಜೆಗೊಂದು. ದಾರಿ ತಿರುಗುವಲ್ಲಿ ಒಂದರ ಕೆಳಗೊಂದು ಎರಡು. ಮೊದಲು ತಂತಿಯ ಬ್ರಷ್ಷಿನಿಂದ ಪಾಚಿ ಕೆರೆಯಬೇಕು, ಬಟ್ಟೆಯಿಂದ ಒರೆಸಬೇಕು, ಆಮೇಲೆ ಬಣ್ಣ. ಕೆರೆಯದೆ ಬಳಿದರೆ ಪಾಚಿಗೆ ಬಣ್ಣದ ಅಂಗಿ ತೊಡಿಸಿದಂತೆ, ಒಂದು ಮಳೆಗೆ ಅಂಗಿ ಕಳಚಿ ಬೀಳುತ್ತದೆ. ಮೂವತ್ತೊಂದು ವರ್ಷದಿಂದ ಅವಳ ಉಗುರಿನ ಸಂದಿಯಲ್ಲಿ ಹಳದಿ ಹೋಗಿಲ್ಲ.

ಗಂಡ ಗೇಟಿನವನು. ಎಲ್ಲರೂ ಅವನನ್ನು ಗೇಟಪ್ಪ ಎನ್ನುತ್ತಿದ್ದರು. ವಯಸ್ಸು ಅರವತ್ತಕ್ಕೆ ಒಂದು ಕಡಿಮೆ. ಹರೆಯದಲ್ಲಿ ಲಾರಿಯಿಂದ ಬಿದ್ದು ಎಡಗಾಲು ನಾಲ್ಕು ಬೆರಳಷ್ಟು ಗಿಡ್ಡವಾಗಿತ್ತು. ಆ ಕಾಲಿನ ಬೂಟಿಗೆ ದಪ್ಪ ಅಟ್ಟೆ ಹೊಡೆಸಿಕೊಂಡಿದ್ದ. ಕೂತು ಮಾಡುವ ಕೆಲಸವೆಂದು ಗೇಟು ಸಿಕ್ಕಿತ್ತು. ಕೋಣೆಯಲ್ಲಿ ಒಂದು ಮೇಜು, ಗೋಡೆಗೊಂದು ಗಡಿಯಾರ, ದಾರ ಕಟ್ಟಿದ ಪೆನ್ನು, ಉದ್ದನೆಯ ದಪ್ಪ ಪುಸ್ತಕ. ಬಂದವರ ಹೆಸರು, ಹೋಗುವ ದಾರಿ, ಭೇಟಿಯ ಉದ್ದೇಶ, ಹೋದ ಸಮಯ, ಹಿಂದಿರುಗಿದ ಸಮಯ. ಕೊನೆಯ ಕಾಲಂ ಖಾಲಿಯಿದ್ದರೆ ಮಧ್ಯಾಹ್ನ ಮೂರರಿಂದಲೇ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಿಟಕಿಗೆ ಹೋಗುವುದು, ಗಡಿಯಾರ ನೋಡುವುದು, ಮತ್ತೆ ಕಿಟಕಿಗೆ ಹೋಗುವುದು.

"ಅಯ್ಯೋ, ಬರ್ತಾರೆ ಬಿಡ್ರೀ! ನಿಮ್ಮ ಪುಸ್ತಕ ನೋಡ್ಕೊಂಡು ಯಾರಾದ್ರೂ ನಡೀತಾರಾ? ನಡೆಸೋದು ನನ್ನ ಬಣ್ಣ" ಎಂದು ಅವಳು ಛೇಡಿಸುತ್ತಿದ್ದಳು. ಅವನು ಉತ್ತರ ಕೊಡುತ್ತಿರಲಿಲ್ಲ. ಮಾತಿನ ವಿಷಯದಲ್ಲಿ ಮನೆಗೆ ಒಬ್ಬರು ಸಾಕು ಎಂದು ಮದುವೆಯಾದ ವಾರದಲ್ಲೇ ತೀರ್ಮಾನಿಸಿದ್ದ.

ಕಾಡಿನೊಳಗೆ ಮೂರು ದಾರಿಗಳಿದ್ದವು. ಎರಡು ಗಿಡ್ಡ ದಾರಿಗಳು ಗೇಟಿನ ಸುತ್ತಮುತ್ತಲೇ ಮುಗಿಯುತ್ತಿದ್ದವು. ಮೂರನೆಯದು ಮೂರು ಮೈಲಿ ಒಳಗಿರುವ ಕೊಳಕ್ಕೆ. ಅವಳ ಜೀವವೆಲ್ಲ ಆ ಮೂರನೆಯದರಲ್ಲೇ. ಅದರ ಒಂದೊಂದು ತಿರುವಿಗೂ ಅವಳೇ ಹೆಸರಿಟ್ಟಿದ್ದಳು. ಬಗ್ಗದಿದ್ದರೆ ತಲೆಗೆ ಹೊಡೆಯುವ ಕೊಂಬೆಯದು ಅತ್ತೆ ಮರ. ಏದುಸಿರು ಬಿಡಿಸುವ ದಿಣ್ಣೆ ಉಸ್ಸಪ್ಪನ ಏರು. ದಾರಿಗೆ ಬೆನ್ನು ತಿರುಗಿಸಿ ಕೂತಂತಿರುವ ಬಂಡೆ ಮುನಿಸಿನ ಬಂಡೆ. ದಿನವೂ ಸಂಜೆ ಟೀ ಕುಡಿಯುತ್ತ ಗಂಡನಿಗೆ ವರದಿ ಒಪ್ಪಿಸುತ್ತಿದ್ದಳು: ಇವತ್ತು ಕೊಳದಲ್ಲಿ ನೀರು ಎಷ್ಟಿತ್ತು, ಬಾತುಕೋಳಿ ಎಷ್ಟು ಮರಿ ಮಾಡಿದೆ, ಅತ್ತೆ ಮರ ಯಾರಿಗೆ ಹೊಡೆಯಿತು. ಅವನು ಹೂಂ ಎನ್ನುತ್ತಿದ್ದ.

ಈ ಕೆಲಸದಲ್ಲಿ ಅವಳಿಗೆ ಬುದ್ಧಿ ಬಂದದ್ದು ಒಂದು ತಪ್ಪಿನಿಂದ. ಸೇರಿದ ಹೊಸತರಲ್ಲಿ ಹನ್ನೆರಡು ದಿನ ಸೊಂಟ ಮುರಿದುಕೊಂಡು ಕೊಳದ ದಾರಿಗೆಲ್ಲ ಗುರುತು ಬಳಿದಿದ್ದಳು. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ, ಅಷ್ಟು ಹೆಮ್ಮೆ. ಅದೇ ವಾರ ಒಬ್ಬರು ಶಾಲಾ ಮೇಷ್ಟ್ರು ಕೊಳ ನೋಡಲು ಹೋದವರು ಸಂಜೆಗೆ ಬರಲಿಲ್ಲ. ಮರುದಿನ ಮಧ್ಯಾಹ್ನ ಹುಡುಕಿದವರ ಕೈಗೆ ಸಿಕ್ಕರು. ಮೈಯೆಲ್ಲ ಮುಳ್ಳು ಗೀರಿತ್ತು, ಜೀವಕ್ಕೇನೂ ಆಗಿರಲಿಲ್ಲ.

"ತಾಯೀ, ಹೋಗುವಾಗ ನಿಮ್ಮ ಹಳದಿ ಕೈ ಹಿಡಿದು ಕರ್ಕೊಂಡು ಹೋಯ್ತು" ಎಂದರು ಮೇಷ್ಟ್ರು, ನೀರು ಕುಡಿದು ಸುಧಾರಿಸಿಕೊಂಡು. "ವಾಪಸ್ ಬರೋಣ ಅಂತ ತಿರುಗಿದ್ರೆ ಒಂದೇ ಒಂದು ಗುರುತೂ ಇಲ್ಲ!"

ಅವಳು ನಂಬಲಿಲ್ಲ. ಕೊಳದವರೆಗೆ ದಡದಡ ಹೋದಳು, ತಿರುಗಿ ನಿಂತಳು, ನೋಡಿದಳು. ಗೇಟಿನಿಂದ ಹೊರಟು ಬಳಿಯುತ್ತ ಹೋದವಳು, ಮರಗಳ ಎದುರಿಗೆ ಸಿಕ್ಕ ಮೈಗಷ್ಟೇ ಬಳಿದಿದ್ದಳು. ಕೊಳದ ಕಡೆಯಿಂದ ನೋಡಿದರೆ ಬರೀ ಬೋಳು ಕಾಂಡಗಳು. ಇಡೀ ಕಾಡು ಅವಳಿಗೆ ಬೆನ್ನು ತೋರಿಸಿ ನಿಂತಿತ್ತು. ಅಂದು ದಾರಿಯಲ್ಲೇ ಕೂತು ಅತ್ತಳು.

ಅಲ್ಲಿಂದಾಚೆಗೆ ಅವಳ ಪದ್ಧತಿ ಬದಲಾಯಿತು. ಮೊದಲು ಡಬ್ಬಿಯ ಮುಚ್ಚಳ ತೆಗೆಯದೆ ಕೊಳಕ್ಕೆ ಹೋಗುವುದು. ಕೆಲಸ ಶುರುಮಾಡುವುದು ಅಲ್ಲಿಂದ, ಗೇಟಿನ ಕಡೆಗೆ. ಹಿಂದಿರುಗುವವರಿಗೆ ಕಾಣುವ ಮೈಗೆ ಮೊದಲ ಬಣ್ಣ, ಹೋಗುವವರಿಗೆ ಕಾಣುವುದಕ್ಕೆ ಆಮೇಲೆ. "ಹೋಗೋದು ಏನು ಮಹಾ? ಹುಮ್ಮಸ್ಸು ಇರುತ್ತೆ, ಬೆಳಕು ಇರುತ್ತೆ, ಬುತ್ತಿ ತುಂಬಿರುತ್ತೆ. ಬರುವಾಗ ಕಾಲೂ ಸೋತಿರುತ್ತೆ, ಕಣ್ಣೂ ಸೋತಿರುತ್ತೆ. ಆಗ ಬೇಕಪ್ಪ ಗುರುತು" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ಗೇಟಿನ ಬಳಿ ಒಂದು ಫಲಕವನ್ನೂ ತಾನೇ ಬರೆದು ನಿಲ್ಲಿಸಿದಳು: ‘ಐವತ್ತು ಹೆಜ್ಜೆಯೊಳಗೆ ಗುರುತು ಕಾಣದಿದ್ದರೆ ಬಂದ ದಾರಿಗೆ ಹಿಂದಿರುಗಿ.’ ಆ ಮೇಷ್ಟ್ರ ನಂತರ ಮೂವತ್ತು ವರ್ಷ ಒಬ್ಬರೂ ಕಳೆದುಹೋಗಲಿಲ್ಲ. ಇದಕ್ಕೆ ಯಾರೂ ಅವಳ ಬೆನ್ನು ತಟ್ಟಲಿಲ್ಲ ಎನ್ನಿ. ಕಳೆದುಹೋಗದವರು ಯಾಕೆ ಬಂದು ಧನ್ಯವಾದ ಹೇಳುತ್ತಾರೆ?

ಹೀಗಿರುವಾಗ ಮೇಲಿನ ಕಚೇರಿಯ ಪತ್ರ ಬಂತು. ಕೊಳದ ದಾರಿ ಉದ್ದವಾಯಿತು, ಹೋಗುವವರು ಕಡಿಮೆ, ಅಪಾಯವಾದರೆ ಯಾರು ಹೊಣೆ, ಆದ್ದರಿಂದ ಮುಚ್ಚುವ ಯೋಚನೆಯಿದೆ. ಮುಚ್ಚುವ ಮೊದಲು ಒಂದು ಪರೀಕ್ಷೆ. ‘ಈ ಹಿಂದೆ ಸದರಿ ದಾರಿಯಲ್ಲಿ ಕಾಲಿಟ್ಟಿರದ ಒಬ್ಬ ವ್ಯಕ್ತಿ, ಯಾರ ಸಹಾಯವೂ ಇಲ್ಲದೆ, ಗುರುತುಗಳನ್ನು ಮಾತ್ರ ಅನುಸರಿಸಿ ಕೊಳದವರೆಗೆ ಹೋಗಿ ಹಿಂದಿರುಗತಕ್ಕದ್ದು.’ ಗುರುತು ಬಳಿಯುವವರು ಐವತ್ತು ಹೆಜ್ಜೆ ಹಿಂದೆ ನಡೆಯಬಹುದು, ಮಾತಾಡಕೂಡದು. ಒಂದು ಮಾತಾಡಿದರೂ ದಾರಿ ಅನುತ್ತೀರ್ಣ.

ದಾರಿ ಮುಚ್ಚುವುದೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ಒಂದು ವರ್ಷ ಬಣ್ಣ ಕಾಣದ ದಾರಿಯನ್ನು ಕಾಡು ನುಂಗಿ ನೀರು ಕುಡಿಯುತ್ತದೆ. ಎರಡನೇ ವರ್ಷ ಅಲ್ಲೊಂದು ದಾರಿಯಿತ್ತೆಂದರೆ ನಗುತ್ತಾರೆ. ಮೂವತ್ತೊಂದು ವರ್ಷದ ಬದುಕು ಇದ್ದೂ ಇಲ್ಲದಂತಾಗುತ್ತದೆ.

"ಬಾಯಿ ಮುಚ್ಚಿಕೊಂಡು ಆರು ಮೈಲಿ! ನಿನ್ನ ಕೈಲಿ ಆಗುತ್ತೇನೇ?" ಎಂದ ಗಂಡ.

"ಯಾಕಾಗಲ್ಲ? ದಾರಿ ಉಳಿಯುತ್ತೆ ಅಂದ್ರೆ ನಾಲಿಗೆಗೆ ಬೀಗ ಹಾಕ್ತೀನಿ."

"ಸೋತರೆ ಒಂದು ತಿಂಗಳು ಪಾತ್ರೆ ನೀನೇ ತೊಳೀಬೇಕು."

"ಈಗೇನು ನಿಮ್ಮಪ್ಪ ಬಂದು ತೊಳೀತಿದ್ದಾರಾ?" ಎಂದಳು. ಇಬ್ಬರೂ ನಕ್ಕರು. ಆದರೂ ಅವಳು ಟೀ ಅರ್ಧಕ್ಕೇ ಬಿಟ್ಟದ್ದನ್ನು ಗೇಟಪ್ಪ ನೋಡಿದ.

ಪರೀಕ್ಷೆಗೆ ಬಂದ ಸಾಹೇಬರು ಸಂಜೆಯ ಬಸ್ಸಿಗೆ ಇಳಿದರು. ನಲವತ್ತರ ಆಸುಪಾಸು. ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡಿದ್ದರು. ಬಣ್ಣದಕ್ಕ ಅವರಿಗೆ ಮನಸ್ಸಿನಲ್ಲೇ ಗುಂಡಿ ಸಾಹೇಬರು ಎಂದು ಹೆಸರಿಟ್ಟುಬಿಟ್ಟಳು. ರಾತ್ರಿ ಅತಿಥಿ ಕೋಣೆಯಲ್ಲಿ ಉಳಿದು ಬೆಳಿಗ್ಗೆ ಏಳಕ್ಕೆ ಗೇಟಿಗೆ ಬಂದರು. ಪುಸ್ತಕದಲ್ಲಿ ಉದ್ದೇಶದ ಜಾಗದಲ್ಲಿ ‘ತಪಾಸಣೆ’ ಎಂದು ಬರೆದು, ಫಲಕವನ್ನು ಎರಡು ಸಲ ಓದಿ, ಹೊರಟರು. ಹಿಂದೆ ಐವತ್ತು ಹೆಜ್ಜೆ ಬಿಟ್ಟು ಬಣ್ಣದಕ್ಕ, ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು.

ಹೋಗುವ ದಾರಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗಿತು. ಅತ್ತೆ ಮರ ಸಾಹೇಬರ ತಲೆಗೆ ಸರಿಯಾಗಿ ಒಂದು ಕೊಟ್ಟಿತು. ಬಗ್ಗಿ ಎನ್ನಲಾಗದೆ ಅವಳು ಸೆರಗು ಕಚ್ಚಿ ಕುಲುಕುಲು ನಕ್ಕಳು. ಉಸ್ಸಪ್ಪನ ಏರಿನಲ್ಲಿ ಅವರು ಮೂರು ಕಡೆ ನಿಂತರು. ಹತ್ತು ಗಂಟೆಗೆ ಕೊಳ. ಮರಗಳು ಒಮ್ಮೆಲೇ ಸರಿದು ನೀರು ಕಂಡಾಗ ಎಲ್ಲರೂ ಮಾಡುವುದನ್ನೇ ಸಾಹೇಬರೂ ಮಾಡಿದರು. ಬಾಯಿ ತೆರೆದು ನಿಂತರು. ಆಮೇಲೆ ಕುತ್ತಿಗೆಯ ಗುಂಡಿ ಬಿಚ್ಚಿದರು. ಅರ್ಧ ಗೆದ್ದೆ ಎಂದುಕೊಂಡಳು ಬಣ್ಣದಕ್ಕ.

ವಾಪಸು ಬರುವಾಗ ಸಮಸ್ಯೆಯಾಗುವುದೇ ಇಲ್ಲ, ಅವಳ ಬಣ್ಣವಿರುವುದೇ ವಾಪಸು ಬರುವವರಿಗೆ. ಅವಳು ನಿರಾಳವಾಗಿದ್ದಳು. ಗೇಟಿಗೆ ಇನ್ನೊಂದು ಮೈಲಿಯಿರುವಾಗ ಮುನಿಸಿನ ಬಂಡೆ ಬಂತು. ದಾರಿ ಅಲ್ಲಿ ಥಟ್ಟನೆ ಎಡಕ್ಕೆ ಹೊರಳುತ್ತದೆ. ನೇರಕ್ಕೆ ಕಾಣುವುದು ಕಾಡುಹಂದಿ ಓಡಾಡಿದ ಹಾದಿ. ನಲವತ್ತು ಹೆಜ್ಜೆ ಹೋದರೆ ಪಾಚಿಗಟ್ಟಿದ ಹಾಸುಬಂಡೆ, ಅದರ ಅಂಚಿನಿಂದ ಕೆಳಗೆ ಎರಡಾಳು ಆಳದ ಕೊರಕಲು. ಸಾಹೇಬರು ನಿಂತು ಆಚೆ ಈಚೆ ನೋಡಿದರು. ಕೊನೆಗೆ ನೇರಕ್ಕೆ ನಡೆದರು.

ಇದೇನಪ್ಪಾ! ಕಣ್ಣು ಕುರುಡೇ ಇವರಿಗೆ? ಜೋಡಿ ಗುರುತು ಎದುರಿಗೇ ಇದೆಯಲ್ಲ ಎಂದು ಅವಳು ಮರದ ಕಡೆ ನೋಡಿದಳು. ಮರದ ಮೇಲೆ ಗುರುತಿರಲಿಲ್ಲ. ಎದೆಯೆತ್ತರದಲ್ಲಿ ತೊಗಟೆ ಸುಲಿದು ಬಿದ್ದಿತ್ತು. ಬುಡದಲ್ಲಿ, ಎಲೆಗಳ ನಡುವೆ, ಅವಳ ಹಳದಿ ಗುರುತು ಆಕಾಶ ನೋಡುತ್ತ ಮಲಗಿತ್ತು.

ಎರಡು ದಿನದ ಹಿಂದಷ್ಟೇ ಅವಳು ಇಡೀ ದಾರಿಯನ್ನು ಕೊಳದಿಂದ ಗೇಟಿಗೆ ನಡೆದು ಪರೀಕ್ಷಿಸಿದ್ದಳು. ಇಲ್ಲಿ ಎಡಕ್ಕೆ ತಿರುಗಿಯೂ ಇದ್ದಳು. ತಿರುಗಿಸಿದ್ದು ಕಾಲು, ಕಣ್ಣಲ್ಲ. ಮೂವತ್ತೊಂದು ವರ್ಷ ಕಂಡ ಗುರುತನ್ನು ಅದು ಇಲ್ಲದಾಗಲೂ ಕಂಡುಬಿಟ್ಟಿದ್ದಳು. ಹೊಸಬರಿಗೆ ಆಗದ ತಪ್ಪು ಇದು. ದಾರಿಯನ್ನು ಅಂಗೈಯಂತೆ ಬಲ್ಲವರಿಗಷ್ಟೇ ಆಗುತ್ತದೆ.

ಸಾಹೇಬರು ಮುಂದೆ ಹೋಗುತ್ತಿದ್ದರು. ತುಟಿ ಅಲ್ಲಾಡಿಸುತ್ತ ಹೆಜ್ಜೆ ಎಣಿಸುತ್ತಿದ್ದರು. ಫಲಕ ಓದಿದ್ದರಲ್ಲ! ಐವತ್ತಾದರೆ ತಾವಾಗಿಯೇ ಹಿಂದಿರುಗುತ್ತಾರೆ, ದಾರಿ ಉಳಿಯುತ್ತದೆ. ಆದರೆ ಹಾಸುಬಂಡೆ ನಲವತ್ತಕ್ಕೇ ಇತ್ತು. ಮೂವತ್ತು. ನೋಡಿಕೊಂಡು ನಿಲ್ಲಬಹುದು. ಮೂವತ್ತಮೂರು. ನಿಂತೇ ನಿಲ್ಲುತ್ತಾರೆ. ಮೂವತ್ತಾರು. ನಿಲ್ಲದಿದ್ದರೆ?

"ಸಾಹೇಬ್ರೇ, ನಿಲ್ಲಿ! ಕಾಲು ಮುಂದಿಡಬೇಡಿ!"

ಕಾಡೆಲ್ಲ ಕೇಳುವಂತೆ ಕೂಗಿದಳು. ಸಾಹೇಬರು ಎತ್ತಿದ ಕಾಲನ್ನು ಹಾಗೇ ಹಿಂದಕ್ಕಿಟ್ಟರು. ಕೆಳಗೆ ನೋಡಿದರು, ಮುಖ ಬಿಳಿಚಿತು. ಅವರು ವಾಪಸು ಬರುವಷ್ಟರಲ್ಲಿ ಅವಳು ಬುಡದಲ್ಲಿದ್ದ ತೊಗಟೆಯನ್ನು ಎತ್ತಿಕೊಂಡು ನಿಂತಿದ್ದಳು.

"ತಗೊಳ್ಳಿ ಸರ್, ಇದನ್ನೂ ವರದಿ ಜೊತೆ ಕಟ್ಟಿ. ಮೊನ್ನೆ ನಾನೇ ನೋಡ್ಕೊಂಡು ಹೋಗಿದ್ದೆ. ನೋಡಿದ್ರೂ ಕಾಣಲಿಲ್ಲ. ತಪ್ಪು ನಂದೇ."

ಸಾಹೇಬರು ತೊಗಟೆಯನ್ನು ತಿರುಗಿಸಿ ನೋಡಿದರು. "ನೀವು ಸುಮ್ಮನಿದ್ದಿದ್ರೆ ಬಹುಶಃ ನಾನೇ ನಿಂತುಬಿಡ್ತಿದ್ದೆ ಅಮ್ಮಾ. ದಾರಿ ಉಳೀತಿತ್ತು."

"ಬಹುಶಃ ಅನ್ನೋದನ್ನ ನಂಬಿ ನಾನು ಯಾವತ್ತೂ ಬಣ್ಣ ಬಳಿದಿಲ್ಲ ಸರ್" ಎಂದಳು. ಅಲ್ಲಿಂದ ಗೇಟಿನವರೆಗೆ, ಮಾತಾಡಲು ಈಗ ಯಾರ ಅಡ್ಡಿಯೂ ಇರಲಿಲ್ಲ. ಅವಳು ಒಂದೇ ಒಂದು ಮಾತಾಡಲಿಲ್ಲ.

ಗೇಟಪ್ಪ ಹೆಂಡತಿಯ ಮುಖ ನೋಡಿದ, ಅವಳ ಮೌನ ಕೇಳಿದ. ಏನಾಯಿತೆಂದು ಸಾಹೇಬರಿಂದ ತಿಳಿದುಕೊಂಡ. ಇಬ್ಬರಿಗೂ ಟೀ ಬಗ್ಗಿಸಿಕೊಟ್ಟ. ಆಮೇಲೆ ಕನ್ನಡಕ ಏರಿಸಿ, ಮೇಜಿನ ಡ್ರಾಯರಿನಿಂದ ಆ ಪತ್ರವನ್ನು ತೆಗೆದು, ಬೆರಳಿಟ್ಟು ಓದತೊಡಗಿದ. ಮೂವತ್ತೊಂದು ವರ್ಷ ಕಾಲಂ ತುಂಬಿದವನಿಗೆ ಅಕ್ಷರದ ಮೇಲೆ ಒಂದು ಹಿಡಿತವಿರುತ್ತದೆ ನೋಡಿ.

"ಸರ್, ಇಲ್ಲಿ ‘ಒಬ್ಬ ವ್ಯಕ್ತಿ’ ಅಂತಿದೆ. ನೀವೇ ಆಗ್ಬೇಕು ಅಂತ ಎಲ್ಲೂ ಇಲ್ಲ. ಒಂದೇ ಸಲ ಅಂತಾನೂ ಇಲ್ಲ."

ಸಾಹೇಬರು ಪತ್ರ ಇಸಿದುಕೊಂಡು ಓದಿದರು. "ಇಲ್ಲ, ನಿಜ. ಆದ್ರೆ ಕಾಲಿಟ್ಟಿರದ ವ್ಯಕ್ತಿ ಆಗ್ಬೇಕಲ್ಲ. ಈಗ ನಾನು ಕಾಲಿಟ್ಟಾಯ್ತು. ಈ ಕಾಡಲ್ಲಿ ಇನ್ಯಾರಿದ್ದಾರೆ?"

"ನಾನಿಲ್ವಾ?" ಎಂದ ಗೇಟಪ್ಪ.

ಬಣ್ಣದಕ್ಕ ಅವನ ಬೂಟಿನ ದಪ್ಪ ಅಟ್ಟೆ ನೋಡಿದಳು. "ನೀವಾ? ಆರು ಮೈಲಿ?"

"ಗೇಟಿಂದ ಆಚೆ ಒಂದು ಹೆಜ್ಜೆ ಇಟ್ಟಿಲ್ಲ ಸರ್ ನಾನು. ಪುಸ್ತಕ ತೆಗೆದು ನೋಡಿ, ಮೂವತ್ತೊಂದು ವರ್ಷದಲ್ಲಿ ನನ್ನ ಹೆಸರು ಒಂದು ಕಡೆ ಇದ್ರೆ ಹೇಳಿ."

ಸಾಹೇಬರು ಯೋಚಿಸಿದರು. "ಇವತ್ತಿನ ಬಸ್ಸು ಬಿಡ್ತೀನಿ. ನಾಳೆ ಐದರ ಬಸ್ಸು ಬಿಡೋಕಾಗಲ್ಲ, ಅಷ್ಟರಲ್ಲಿ ವಾಪಸ್ ಬಂದಿರಬೇಕು. ಹಿಂದೆ ನಾನು ನಡೀತೀನಿ. ಅಮ್ಮ ಬರೋ ಹಾಗಿಲ್ಲ." ಅವಳ ಕಡೆ ನೋಡಿ ಸೇರಿಸಿದರು, "ನಾನು ಬಾಯಿ ಬಿಡಲ್ಲ."

ಅವಳಾಗಲೇ ಡಬ್ಬಿ, ಕುಂಚ, ತಂತಿ ಬ್ರಷ್ಷು ಎತ್ತಿಕೊಂಡು ಗೇಟು ದಾಟಿದ್ದಳು. ಬೆಳಕಿರುವಾಗಲೇ ಮುನಿಸಿನ ಬಂಡೆ ಮುಟ್ಟಿದಳು. ಮರದ ಮೇಲೆ ಬಳಿದಳು. ನಂಬಿಕೆ ಸಾಲದೆ ಬಂಡೆಯ ಬೆನ್ನನ್ನೂ ಕೆರೆದು, ಎದೆಯೆತ್ತರಕ್ಕೆ ಒಂದು ದಪ್ಪ ಪಟ್ಟಿ ಎಳೆದಳು. "ನೀನಾದರೂ ಸಿಪ್ಪೆ ಬಿಡಬೇಡ ಮಾರಾಯಾ" ಎಂದು ಬಂಡೆಗೆ ಹೇಳಿದಳು.

ಸಂಜೆ ಅವನು ಬಾಗಿಲಲ್ಲಿ ಕೂತು ಬೂಟಿಗೆ ಪಾಲಿಶ್ ತಿಕ್ಕುತ್ತಿದ್ದ. ಮದುವೆಗೆ ಹೊರಟವನ ಹಾಗೆ.

"ನಿಜವಾಗ್ಲೂ ಆಗುತ್ತಾ ರೀ ನಿಮ್ಗೆ? ಕಾಲು?"

"ನಿಧಾನ ಆಗುತ್ತೆ. ಆಗಲ್ಲ ಅಂತೇನಿಲ್ಲ. ಯಾವತ್ತೂ ಆಗ್ತಿತ್ತು."

"ಮತ್ತೆ ಯಾಕೆ ಒಂದು ದಿನಾನೂ ಬರಲಿಲ್ಲ?"

ಅವನು ಬೂಟಿನಿಂದ ತಲೆಯೆತ್ತಲಿಲ್ಲ. "ನೀನು ಕರೀಲಿಲ್ವಲ್ಲ."

ಕಪಾಳಕ್ಕೆ ಹೊಡೆದಂತಾಯಿತು ಅವಳಿಗೆ. ಹೌದಲ್ಲ! ಊರೂರಿನವರಿಗೆ, ಕಂಡಕಂಡವರಿಗೆ ಬನ್ನಿ ಬನ್ನಿ ಎಂದು ಹಳದಿ ಬಳಿದವಳು, ಗೇಟಿನಲ್ಲೇ ಕೂತ ಗಂಡನಿಗೆ ಒಂದು ಸಲ ಬರ್ತೀರಾ ಎಂದಿರಲಿಲ್ಲ. ಗಿಡ್ಡ ಕಾಲು ನೋಡಿದ್ದಳು, ಮನಸ್ಸು ಕೇಳಿರಲಿಲ್ಲ. ಅಷ್ಟು ಮಾತು ಮಾತಾಡಿ ಒಂದು ಮಾತು ಬಿಟ್ಟಿದ್ದಳು. ದೀಪದಡಿಯ ಕತ್ತಲೆ ಎನ್ನುವುದು ಇದಕ್ಕೇ.

"ನಾನೂ ಕೇಳಲಿಲ್ಲ ಬಿಡು. ಗೇಟು ಬಿಟ್ಟು ಬರೋದು ಹೇಗೆ ಅಂತ ಸುಮ್ಮನಿದ್ದೆ" ಎಂದು ಅವನೇ ಸಮಾಧಾನ ಮಾಡಿದ. ಸಮಾಧಾನವಾಗಲಿಲ್ಲ.

ಬೆಳಿಗ್ಗೆ ಏಳಕ್ಕೆ ಗೇಟಪ್ಪ ತನ್ನ ಪುಸ್ತಕದಲ್ಲಿ ಮೊದಲ ಬಾರಿ ತನ್ನ ಹೆಸರು ಬರೆದ. ಕೈ ಅಡ್ಡ ಇಟ್ಟುಕೊಂಡು ಬರೆದ. ಊರುಗೋಲು, ನೀರು, ಎರಡು ಬೇಯಿಸಿದ ಮೊಟ್ಟೆ. "ಗೇಟು ನೋಡ್ಕೋ" ಎಂದು ಅವಳಿಗೆ ಹೇಳಿ ಹೊರಟ. ಐವತ್ತು ಹೆಜ್ಜೆ ಹಿಂದೆ ಸಾಹೇಬರು. ಮೊದಲ ತಿರುವಿನಲ್ಲಿ ಅವನ ಬಿಳಿ ಅಂಗಿ ಮರೆಯಾಯಿತು. ಟೊಕ್ ಟೊಕ್ ಎಂಬ ಕೋಲಿನ ಸದ್ದು ಇನ್ನೂ ಸ್ವಲ್ಪ ಹೊತ್ತು ಕೇಳಿಸಿತು.

ಕಾಯುವುದು ಎಂಥ ಕೆಲಸವೆಂದು ಬಣ್ಣದಕ್ಕನಿಗೆ ಅಂದೇ ಗೊತ್ತಾದದ್ದು. ಒಳಗಿರುವಾಗ ಹೊತ್ತು ಓಡುತ್ತದೆ, ಗೇಟಿನಲ್ಲಿ ಕುಂಟುತ್ತದೆ. ಕಾಲು ಜಾರಿದರೆ? ಏರಿನಲ್ಲಿ ಎದೆ ಹಿಡಿದುಕೊಂಡರೆ? ಕೂಗಿ ಎಚ್ಚರಿಸಲು ಅವಳಿಲ್ಲ, ಹಿಂದಿರುವ ಸಾಹೇಬರ ಬಾಯಿಗೆ ಬೀಗ. ಹತ್ತಕ್ಕೆ ಕೊಳ ಮುಟ್ಟಿರಬಹುದು ಎಂದುಕೊಂಡಳು. ಹನ್ನೊಂದಕ್ಕೂ ಅದನ್ನೇ ಅಂದುಕೊಂಡಳು.

ಮಧ್ಯಾಹ್ನ ಗಿಡ್ಡ ದಾರಿಗೆ ಹೋಗುವ ದಂಪತಿ ಬಂದರು. ಅವರಿಗೆ ಬರೆದುಕೊಳ್ಳಲು ಪುಸ್ತಕ ತೆರೆದಾಗ ಬೆಳಗಿನ ಸಾಲು ಕಣ್ಣಿಗೆ ಬಿತ್ತು. ಗುಂಡುಗುಂಡಗಿನ ಅಕ್ಷರ. ಹೋಗುವ ದಾರಿ: ಕೊಳ. ಭೇಟಿಯ ಉದ್ದೇಶ: ಹೆಂಡತಿಯ ಕೆಲಸ ನೋಡುವುದು.

ದಂಪತಿ ಪೆನ್ನಿಗಾಗಿ ಕೈ ಚಾಚಿ ನಿಂತಿದ್ದರು. ಅವಳು ಕೊಡಲು ಮರೆತಿದ್ದಳು. "ಕಣ್ಣಿಗೆ ಏನೋ ಬಿತ್ತು" ಎಂದು ಸೆರಗಿನಿಂದ ಒರೆಸಿಕೊಂಡಳು.

ಮೂರು ಗಂಟೆಯಾಯಿತು. ಕಿಟಕಿಗೆ ಹೋದಳು, ಗಡಿಯಾರ ನೋಡಿದಳು, ಮತ್ತೆ ಕಿಟಕಿಗೆ ಹೋದಳು. ತಾನು ಇಷ್ಟು ವರ್ಷ ಯಾರನ್ನು ಆಡಿಕೊಂಡು ನಗುತ್ತಿದ್ದೆನೋ ಅವನ ಹಾಗೆಯೇ ಓಡಾಡುತ್ತಿದ್ದೇನೆಂದು ಅವಳಿಗೆ ಅರಿವಾಯಿತು. ಅಂದರೆ ಅವನು ದಿನವೂ ಹೀಗೆ ಓಡಾಡಿದ್ದ. ಅವಳು ಬಣ್ಣದ ಡಬ್ಬಿ ಹಿಡಿದು ಒಳಗೆ ಹೋದ ಪ್ರತಿದಿನವೂ. ಅವಳು ಸಿಬ್ಬಂದಿ, ಅವಳ ಹೆಸರು ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ. ಬರೆಯದ ಆ ಸಾಲನ್ನು ಅವನು ಮನಸ್ಸಿನಲ್ಲಿ ತುಂಬಿಕೊಂಡು ಕೂತಿರುತ್ತಿದ್ದ.

ನಾಲ್ಕು. ನಾಲ್ಕೂವರೆ. ಬಸ್ಸು ಬಂದು ನಿಂತಿತು. ದಾರಿ ಹೋದರೆ ಹೋಗಲಿ, ಒಳಗೆ ಓಡೋಣವೆಂದು ಎರಡು ಸಲ ಗೇಟಿನ ಕಂಬಕ್ಕೆ ಕೈಹಾಕಿದಳು. ಎರಡು ಸಲವೂ ಹಿಂದೆ ಬಂದಳು. ಬಳಿದವಳು ನಾನೇ, ನನ್ನ ಗುರುತನ್ನು ನಾನೇ ನಂಬದಿದ್ದರೆ ಲೋಕ ಯಾಕೆ ನಂಬೀತು ಎಂದು ತನಗೆ ತಾನೇ ಬೈದುಕೊಂಡಳು.

ಐದಕ್ಕೆ ಹತ್ತು ನಿಮಿಷವಿರುವಾಗ ಟೊಕ್ ಟೊಕ್ ಕೇಳಿಸಿತು. ತಿರುವಿನಲ್ಲಿ ಬಿಳಿ ಅಂಗಿ. ಅಂಗಿಗೆಲ್ಲ ಮಣ್ಣು, ಹಣೆಯ ಮೇಲೆ ಒಂದು ಬುಗುಟು. ಮುಖ ಮಾತ್ರ ಜಾತ್ರೆ ನೋಡಿ ಬಂದ ಹುಡುಗನ ಹಾಗೆ ಅರಳಿತ್ತು. ಗೇಟು ದಾಟುವವರೆಗೆ ಮಾತಾಡಕೂಡದೆಂದು ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಳು. ಅವನು ಅಡ್ಡಗಂಬದ ಈಚೆ ಕಾಲಿಟ್ಟ. ಬಲಗೈ ಎತ್ತಿ ತೋರಿಸಿದ. ಅಂಗೈಯೆಲ್ಲ ಹಳದಿ.

"ಬಂಡೆ ಮೇಲಿಂದು ಇನ್ನೂ ಒಣಗಿರಲಿಲ್ಲ ಕಣೇ."

ಹಿಂದೆ ಬಂದ ಸಾಹೇಬರು ಉಸ್ಸೆಂದು ಕಟ್ಟೆಯ ಮೇಲೆ ಕೂತರು. ಗುಂಡಿ ಬಿಚ್ಚಿತ್ತು. "ಪ್ರತಿ ಗುರುತಿಗೂ ನಿಂತು ಕೈಯಿಟ್ಟು ಎಣಿಸಿದ್ರಮ್ಮ ಇವರು, ಅದಕ್ಕೇ ಇಷ್ಟು ಹೊತ್ತು. ಯಾರನ್ನೂ ಏನೂ ಕೇಳಲಿಲ್ಲ. ಎಲ್ಲೂ ತಪ್ಪಲಿಲ್ಲ." ವರದಿಯ ಹಾಳೆಯನ್ನು ಮಂಡಿಯ ಮೇಲಿಟ್ಟುಕೊಂಡು ಅಲ್ಲೇ ಬರೆದರು: ‘ದಾರಿ ತೆರೆದಿರತಕ್ಕದ್ದು.’ ತೊಗಟೆಯ ವಿಷಯವನ್ನೂ ಬರೆದರು, ಬಿಡಲಿಲ್ಲ. ಬಸ್ಸು ಹಾರನ್ ಹೊಡೆಯಿತು. ಹತ್ತುವ ಮುನ್ನ ಬಣ್ಣದಕ್ಕನಿಗೆ ಕೈಮುಗಿದರು.

ಅವಳು ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ಬೂಟು ಬಿಚ್ಚಿ, ಕಾಲನ್ನು ಬಿಸಿನೀರಿನಲ್ಲಿ ಇಳಿಸಿದಳು. ಆಮೇಲೆ ಪುಸ್ತಕ ತೆಗೆದು ಹಿಂದಿರುಗಿದ ಸಮಯ ಬರೆದಳು.

ಗೇಟಪ್ಪ ಮಾತಾಡಲು ಶುರುಮಾಡಿದ. ಮೂವತ್ತೊಂದು ವರ್ಷ ಹೂಂ ಎಂದವನು ಒಂದೇ ಸಮನೆ ಮಾತಾಡಿದ. "ಹೋಗ್ತಾ ಇನ್ನೂರ ಮೂವತ್ತು ಗುರುತು ಕಣೇ, ಬರ್ತಾ ಇನ್ನೂರ ಮೂವತ್ತೊಂದು. ಒಂದು ಮರ ಇದೆ ನೋಡು, ಬಗ್ಗಲಿಲ್ಲ ಅಂದ್ರೆ ತಲೆಗೇ ಹೊಡೆಯುತ್ತೆ. ಆಮೇಲೆ ಒಂದು ಏರು, ಅಬ್ಬಬ್ಬಾ! ಅದು ಹತ್ತಿ ಇಳಿದ್ರೆ ಮರ ಎಲ್ಲ ಸರಿದು, ನೀರು! ಎಷ್ಟು ನೀರು ಅಂತೀಯಾ! ಬಾತುಕೋಳಿ ಏಳು ಮರಿ ಕರ್ಕೊಂಡು ಹೋಗ್ತಿತ್ತು, ಸಾಲಾಗಿ..."

ಅವಳು ಅವನ ಕಾಲು ನೀವುತ್ತ ನೆಲದ ಮೇಲೆ ಕೂತು ಕೇಳಿದಳು. ಅವಳೇ ದಿನವೂ ಹೇಳಿದ್ದ ಮರ, ಅವಳೇ ಹೆಸರಿಟ್ಟ ಏರು, ಅವಳದೇ ಕೊಳ. ಒಂದು ಸಲವೂ ನಂಗೊತ್ತು ಎನ್ನಲಿಲ್ಲ. ಹೂಂ ಎಂದಳು.